ಕೆಲಸ ಬಿಡದೆ ಪದವಿ: ಅರ್ಜಿಗೆ ಮೊದಲು ಗಂಟೆಗಳ ಲೆಕ್ಕ

ಕೆಲಸದ ಜೊತೆ ಓದುವವರು ಶುಲ್ಕದ ಲೆಕ್ಕ ಹಾಕುತ್ತಾರೆ, ಸಮಯದ ಲೆಕ್ಕ ಮರೆಯುತ್ತಾರೆ. ಅರ್ಜಿ ತುಂಬುವ ಮೊದಲು ಕೋರ್ಸಿನ ಕ್ರೆಡಿಟ್‌ಗಳನ್ನು, ಅಂದರೆ ಓದಿನ ಹೊರೆ ಅಳೆಯುವ ಘಟಕಗಳನ್ನು, ಗಂಟೆಗಳಾಗಿ ಬಿಡಿಸಿ ನೋಡಿ. ಕ್ರೆಡಿಟ್‌ನ ಅಳತೆ ಎಲ್ಲ ಕಡೆ ಒಂದೇ ಅಲ್ಲ: ಒಂದು ಕ್ರೆಡಿಟ್‌ಗೆ ಯುರೋಪಿನ ಪದ್ಧತಿಯಲ್ಲಿ 25ರಿಂದ 30 ಗಂಟೆ, ಬ್ರಿಟನ್ನಿನಲ್ಲಿ 10, ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) 30.

ಯುರೋಪಿನ ಮೂರು ವರ್ಷದ ಪದವಿಗೆ 180 ಕ್ರೆಡಿಟ್. ಅದನ್ನು ಅರ್ಧ ವೇಗದಲ್ಲಿ, ವರ್ಷಕ್ಕೆ 30ರಂತೆ ಓದಿದರೂ ಪ್ರತಿ ವರ್ಷ ಕನಿಷ್ಠ 750 ಗಂಟೆ ಬೇಕು. 40 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 19 ಗಂಟೆ. ಎರಡು ವಾರ ದಿನಚರಿ ಬರೆದಿಟ್ಟು, ನಿಮಗೆ ನಿಜಕ್ಕೂ ಎಷ್ಟು ಸಿಗುತ್ತದೆ ನೋಡಿ. ವಾರಕ್ಕೆ 10 ಗಂಟೆಯಷ್ಟೇ ಸಿಕ್ಕರೆ ವರ್ಷಕ್ಕೆ 16 ಕ್ರೆಡಿಟ್ ದಾಟದು. ಪದವಿ ಮುಗಿಯಲು 11 ವರ್ಷಕ್ಕೂ ಹೆಚ್ಚು.

ಅಷ್ಟು ಕಾಲ ಎಲ್ಲ ವಿಶ್ವವಿದ್ಯಾಲಯಗಳೂ ಕಾಯುವುದಿಲ್ಲ. ಗರಿಷ್ಠ ಅವಧಿ ಎಷ್ಟು, ಅದು ಮೀರಿದರೆ ಮರುನೋಂದಣಿ ಉಂಟೇ ಎಂದು ನಿಯಮಾವಳಿಯಲ್ಲೇ ಓದಿಕೊಳ್ಳಿ. ಜಾಹೀರಾತಿನ ಕರಪತ್ರದಲ್ಲಿ ಇದು ಸಿಗುವುದು ಕಡಿಮೆ. ಹಿಂದೆ ಅರ್ಧಕ್ಕೆ ಬಿಟ್ಟ ಓದಿದ್ದರೆ ಆ ಕ್ರೆಡಿಟ್‌ಗಳನ್ನು ವರ್ಗಾಯಿಸಲು ಕೇಳಿ. ಬರೀ ಅಂಕಪಟ್ಟಿ ಸಾಲದು, ಆ ವರ್ಷದ ಪಠ್ಯಕ್ರಮವೂ ಬೇಕಾಗಬಹುದು. ಎಷ್ಟು ಒಪ್ಪಿದರೆಂಬುದನ್ನು ಶುಲ್ಕ ಕಟ್ಟುವ ಮುನ್ನ ಲಿಖಿತವಾಗಿ ಪಡೆಯಿರಿ.

ಅರೆಕಾಲಿಕವೋ ದೂರಶಿಕ್ಷಣವೋ? ಸಂಜೆ ಅಥವಾ ವಾರಾಂತ್ಯದ ತರಗತಿಗೆ ಹಾಜರಾತಿ ಬೇಕು. ಪಾಳಿ ಬದಲಾಗುವ ಕೆಲಸದವರಿಗೆ ಅದು ಹೊಂದುವುದು ಕಷ್ಟ. ದೂರಶಿಕ್ಷಣದಲ್ಲಿ ಆ ಕಾಟವಿಲ್ಲ, ಆದರೆ ಓದು ಎಂದು ಎಬ್ಬಿಸುವವರೂ ಇಲ್ಲ. ಪ್ರಯೋಗಾಲಯವಿರುವ ವಿಷಯವಾದರೆ ಕೆಲವು ದಿನ ಕೇಂದ್ರಕ್ಕೆ ಹೋಗಬೇಕಾದೀತು. ರಜೆಯನ್ನು ಅದಕ್ಕೆಂದೇ ಉಳಿಸಿಕೊಳ್ಳಿ.

ಮಾನ್ಯತೆಯನ್ನು ಎರಡು ಸಲ ನೋಡಬೇಕು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ದೂರಶಿಕ್ಷಣದ ಆ ಕೋರ್ಸಿಗೂ ಇದೆ ಎಂದಲ್ಲ. ನರ್ಸಿಂಗ್, ವಕೀಲಿಕೆಯಂಥ ಪರವಾನಗಿ ಬೇಡುವ ವೃತ್ತಿಯಾದರೆ ಪರವಾನಗಿ ಕೊಡುವ ಮಂಡಳಿಯನ್ನೇ ಮೊದಲು ಕೇಳಿ. ಪದವಿ ಅಸಲಿಯಾಗಿದ್ದೂ ಪರವಾನಗಿ ಸಿಗದೆ ಹೋಗುವುದುಂಟು.

ಮೊದಲ ಅವಧಿಗೆ ಒಂದೇ ವಿಷಯ ತೆಗೆದುಕೊಳ್ಳಿ, ನಿಯಮ ಒಪ್ಪಿದರೆ. ಎರಡು ತೆಗೆದುಕೊಂಡವರಿಗೆ ಅಸೈನ್‌ಮೆಂಟ್‌ಗಳ ಗಡುವು ಒಂದೇ ವಾರಕ್ಕೆ ಬೀಳುತ್ತದೆ, ಆಫೀಸಿನ ಲೆಕ್ಕಪತ್ರದ ಗಡಿಬಿಡಿಯೂ ಆಗಲೇ. ಹಾಗಾದಾಗ ವಿಷಯ ಕೈಬಿಡಲು ಕೊನೆಯ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಆ ದಿನ ದಾಟಿದರೆ ಕಟ್ಟಿದ ಹಣವೂ ಹೋಗುತ್ತದೆ, ಅಂಕಪಟ್ಟಿಯಲ್ಲಿ ನಪಾಸೂ ಉಳಿಯಬಹುದು.