ತಾಲ್ಲೂಕಿನ ಶಾಲೆಗಳೆಲ್ಲ ಒಂದೇ ಹಾಳೆಯಲ್ಲಿ ಬರೆಯಲು: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ)ಗಳಿಗೆ ಕೈಪಿಡಿ

ಪ್ರತಿ ತಾಲ್ಲೂಕಿನಲ್ಲೂ ವಾಟ್ಸ್ಯಾಪ್ ಗುಂಪುಗಳಿಗೇನೂ ಕೊರತೆಯಿಲ್ಲ. ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಒಂದು, ಬಿಸಿಯೂಟಕ್ಕೊಂದು, ಮುಖ್ಯ ಶಿಕ್ಷಕರಿಗೊಂದು, ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೊಂದು. ಅವುಗಳಲ್ಲಿ ಮೇಲಿನಿಂದ ಸುತ್ತೋಲೆ ಇಳಿಯುತ್ತದೆ, ಕೆಳಗಿನಿಂದ ಮಾಹಿತಿ ಏರುತ್ತದೆ. ಒಂದು ಶಾಲೆಯ ಮಕ್ಕಳು ಕಂಡುಕೊಂಡದ್ದು ಇನ್ನೊಂದು ಶಾಲೆಯ ಮಕ್ಕಳಿಗೆ ತಲುಪುವ ದಾರಿ ಮಾತ್ರ ಎಲ್ಲೂ ಇಲ್ಲ. ಹಂಚಿಕೊಂಡು ಬರೆಯುವ ಹಾಳೆ, ಹಲವರು ಕೂಡಿ ಬರೆದು ತಿದ್ದುವ ವಿಕಿ, ಆನ್‌ಲೈನ್ ಪಾಠ ನಡೆಸುವ ಮೂಡಲ್‌ನಂಥ ವೆಬ್ ಸಾಧನಗಳು ಬೇಕಾಗಿರುವುದು ಈ ದಾರಿಗಾಗಿ. ಅವನ್ನೂ ಮಾಹಿತಿ ತರಿಸಿಕೊಳ್ಳುವುದಕ್ಕೇ ಬಳಸಿದರೆ ಶಿಕ್ಷಕರಿಗೆ ಇನ್ನೊಂದು ಹೊರೆ ಹೊರಿಸಿದಂತೆ, ಅಷ್ಟೇ.

ಆದ್ದರಿಂದ ಸಾಧನ ಯಾವುದು ಎಂಬ ಪ್ರಶ್ನೆಯನ್ನು ಸದ್ಯ ಪಕ್ಕಕ್ಕಿಡಿ. ಒಂದೇ ಶಾಲೆ ಕೂತು ಮಾಡಲಾಗದ, ಹತ್ತು ಶಾಲೆ ಕೂಡಿದರೆ ಮಾತ್ರ ಆಗುವ ಕೆಲಸ ಯಾವುದು ಎಂದು ಯೋಚಿಸಿ.

ಮಂಡ್ಯ ಜಿಲ್ಲೆಯಲ್ಲಿ ಅಂಥ ಕೆಲಸ ಕಣ್ಣೆದುರೇ ಇದೆ: ವಿಶ್ವೇಶ್ವರಯ್ಯ ನಾಲೆ. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನವೇ ಅದು ಎಲ್ಲ ಊರಿಗೂ ಬಂದುಬಿಡುವುದಿಲ್ಲ. ಮೇಲ್ಭಾಗದ ಊರುಗಳಲ್ಲಿ ಗದ್ದೆ ಉಳುಮೆ ನಡೆದಿರುವಾಗ ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ರೈತರು ಇನ್ನೂ ಕಾಯುತ್ತಿರುತ್ತಾರೆ. ನಮ್ಮೂರ ತೂಬಿಗೆ ನೀರು ಬಂದ ದಿನ ಯಾವುದು, ಕಟ್ಟು ನೀರು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ) ಎಷ್ಟು ದಿನ ಬಂತು, ಎಷ್ಟು ದಿನ ನಿಂತಿತು, ಯಾವ ಬೆಳೆ ಇಟ್ಟರು ಎಂಬುದನ್ನು ನಾಲೆಯುದ್ದಕ್ಕೂ ಇರುವ 12 ಶಾಲೆಗಳ ಎಂಟನೇ ತರಗತಿಯ ಮಕ್ಕಳು ಒಂದೇ ಹಾಳೆಯಲ್ಲಿ ಬರೆದರೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಸರಕು ಸಿಗುತ್ತದೆ. ಮೈಸೂರು ಜಿಲ್ಲೆಯವರು ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನ ಶಾಲೆಗಳಲ್ಲಿ ಮಳೆ ಅಳೆಯುವುದನ್ನೋ ಹಕ್ಕಿಗಳನ್ನು ಗುರುತಿಸುವುದನ್ನೋ ಆರಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ನಾಲೆಯ ಏರಿಗೆ ಅನೇಕ ಕಡೆ ತಡೆಗೋಡೆ ಇಲ್ಲ. ಮಕ್ಕಳು ನಾಲೆಗೆ ಇಳಿಯಕೂಡದು, ಒಂಟಿಯಾಗಿ ಹೋಗಲೂಕೂಡದು. ನೀರುಗಂಟಿಯನ್ನು, ಮನೆಯ ಹಿರಿಯರನ್ನು ಕೇಳಿ ಬರೆದರೆ ಸಾಕು.

ಯಾವಾಗ ಶುರು ಮಾಡಬೇಕು

ಜೂನ್ ಬೇಡ. ದಾಖಲಾತಿ, ಪಠ್ಯಪುಸ್ತಕ ವಿತರಣೆ, ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಇಲಾಖೆಯ ತಂತ್ರಾಂಶ) ಕೆಲಸದಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಜನವರಿಯ ನಂತರ ಪರೀಕ್ಷೆಯ ಒತ್ತಡ. ಜುಲೈ ಎರಡನೇ ವಾರದಿಂದ ದಸರಾ ರಜೆಯವರೆಗಿನ ಅವಧಿ ಸೂಕ್ತ. ಮುಂಗಾರಿನ ಮಳೆ, ನಾಲೆಯ ನೀರು, ನಾಟಿ ಎಲ್ಲವೂ ಹೆಚ್ಚುಕಡಿಮೆ ಆಗಲೇ ಬೀಳುತ್ತವೆ.

ತಾಲ್ಲೂಕಿನ ಎಲ್ಲ ಶಾಲೆಗಳನ್ನೂ ಮೊದಲ ವರ್ಷವೇ ಸೇರಿಸಬೇಡಿ. ಹತ್ತರಿಂದ ಹನ್ನೆರಡು ಶಾಲೆ, ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು. ಒಬ್ಬರೇ ಇದ್ದರೆ ಅವರು ತರಬೇತಿಗೋ ರಜೆಗೋ ಹೋದ ವಾರ ಕೆಲಸ ನಿಲ್ಲುತ್ತದೆ, ನಿಂತದ್ದು ಮತ್ತೆ ಚಾಲೂ ಆಗುವುದು ಕಷ್ಟ.

ಶಾಲೆ ಆರಿಸುವ ಮುನ್ನ ಸಿಆರ್‌ಪಿಯವರು ಖುದ್ದಾಗಿ ಲ್ಯಾಬಿಗೆ ಹೋಗಿ ನೋಡಬೇಕು. ‘ಕಂಪ್ಯೂಟರ್ 10 ಇವೆ’ ಎಂಬ ದಾಖಲೆಯನ್ನು ನೆಚ್ಚಬೇಡಿ. ಬೆಳಿಗ್ಗೆ 11ರ ಹೊತ್ತಿಗೆ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಆನ್ ಮಾಡಿಸಿ, ಎಲ್ಲದರಲ್ಲೂ ಒಂದೇ ಹಾಳೆ ತೆರೆಸಿ, ಒಂದೊಂದು ಸಾಲು ಬರೆಸಿ. ಆಮೇಲೆ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ನೋಡಿ. ಬ್ಯಾಟರಿ ಸತ್ತಿರುವ ಶಾಲೆಗಳು ಇಲ್ಲೇ ಗೊತ್ತಾಗುತ್ತವೆ. ನೆಟ್‌ವರ್ಕ್ ಸಿಗದ ಶಾಲೆಯನ್ನು ಬಿಟ್ಟುಬಿಡಬೇಕಿಲ್ಲ. ಅಲ್ಲಿನ ಮಕ್ಕಳು ನೋಟ್‌ಬುಕ್ಕಿನಲ್ಲಿ ಅದೇ ಕಾಲಂ ಎಳೆದು ಬರೆಯಲಿ, ವಾರಕ್ಕೊಮ್ಮೆ ಕ್ಲಸ್ಟರ್ ಕೇಂದ್ರದಲ್ಲಿ ಏರಿಸಿದರಾಯಿತು.

ಸಾಧನ

ಅಂಕಿಅಂಶಕ್ಕೆ ಗೂಗಲ್ ಶೀಟ್ಸ್, ಬರವಣಿಗೆಗೆ ವಿಕಿ. ಮೊದಲ ವರ್ಷಕ್ಕೆ ಇಷ್ಟೇ ಸಾಕೆಂಬುದು ನಮ್ಮ ಸಲಹೆ. ಮೂಡಲ್ ಒಳ್ಳೆಯದು, ಉಚಿತವೂ ಹೌದು, ಆದರೆ ಸರ್ವರ್ ನೋಡಿಕೊಳ್ಳುವವರು ಒಬ್ಬರು ಬೇಕು. ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ) ಅಂಥವರಿದ್ದರೆ ಎರಡನೇ ವರ್ಷ ಯೋಚಿಸಿ. ವಿಕಿ ನಮ್ಮ ಶಿಕ್ಷಕರಿಗೆ ತೀರಾ ಹೊಸತಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ನಡೆಯುವುದೂ ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದಲ್ಲೇ.

ಹಾಳೆ ಸಿದ್ಧಪಡಿಸುವಾಗ ಸಾಲು ಬರೆಯುವ ಮೊದಲೇ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ಯಾವ ದೇಶದ ರೀತಿಯಲ್ಲಿ ದಿನಾಂಕ ಓದಬೇಕೆಂಬ ಆಯ್ಕೆ) ಅನ್ನು ಇಂಡಿಯಾ ಮಾಡಿ. ಅದು ಅಮೆರಿಕ ಎಂದೇ ಉಳಿದರೆ ಆಗುವ ಅನಾಹುತ ಬೇಗ ಕಣ್ಣಿಗೆ ಬೀಳುವುದಿಲ್ಲ. ಮಗು 05/08 ಎಂದು ಬರೆದರೆ ನಮಗದು ಆಗಸ್ಟ್ 5, ಹಾಳೆಗೆ ಮೇ 8. ಅದೇ ಮಗು 25/08 ಎಂದು ಬರೆದರೆ 25ನೇ ತಿಂಗಳೇ ಇಲ್ಲದ್ದರಿಂದ ಹಾಳೆ ಅದನ್ನು ದಿನಾಂಕವೆಂದೇ ಒಪ್ಪದೆ ಬರಿಯ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ತಿಂಗಳ ಕೊನೆಗೆ ನಕ್ಷೆ ಬಿಡಿಸಿದಾಗ ನೀರು ಬಿಡುವ ಮೊದಲೇ ಗದ್ದೆಗೆ ನೀರು ಬಂದಂತೆ ಕಾಣುತ್ತದೆ! ಒಂದು ಗುರುತು ನೆನಪಿಡಿ: ದಿನಾಂಕ ಕೋಶದ ಬಲಕ್ಕೆ ಅಂಟಿದ್ದರೆ ಹಾಳೆ ಅದನ್ನು ದಿನಾಂಕವೆಂದು ಓದಿದೆ, ಎಡಕ್ಕೆ ಅಂಟಿದ್ದರೆ ಓದಿಲ್ಲ.

ಕಾಲಂಗಳು ಆರನ್ನು ಮೀರದಿರಲಿ: ದಿನಾಂಕ, ಶಾಲೆ, ತಂಡ, ತೂಬಿನಲ್ಲಿ ನೀರು ಇದೆಯೋ ಇಲ್ಲವೋ, ಬೆಳೆ, ಷರಾ. ಶಾಲೆ ಮತ್ತು ಬೆಳೆಯ ಕಾಲಂಗಳಿಗೆ ಡ್ರಾಪ್‌ಡೌನ್ ಪಟ್ಟಿ ಹಾಕಿ. ಇಲ್ಲದಿದ್ದರೆ ಒಬ್ಬರು ಭತ್ತ, ಇನ್ನೊಬ್ಬರು ಬತ್ತ, ಮತ್ತೊಬ್ಬರು ನೆಲ್ಲು ಎಂದು ಬರೆದು, ಒಂದೇ ಬೆಳೆ ಲೆಕ್ಕದಲ್ಲಿ ಮೂರಾಗುತ್ತದೆ. ಮಕ್ಕಳ ಮನೆಮಾತಿನ ಪದಗಳು ಅಮೂಲ್ಯ, ಅವು ಷರಾದಲ್ಲಿ ಬರಲಿ. ತಲೆಸಾಲನ್ನು ಮತ್ತು ಬೇರೆ ಶಾಲೆಯವರ ಟ್ಯಾಬನ್ನು ಯಾರೂ ಮುಟ್ಟದಂತೆ ಡೇಟಾ ಮೆನುವಿನಿಂದ ರಕ್ಷಣೆ ಕೊಡಿ. ಶಾಲೆಗೊಂದು ಟ್ಯಾಬ್ ಇದ್ದು, ಎಲ್ಲವನ್ನೂ ಒಟ್ಟುಗೂಡಿಸುವ ಇನ್ನೊಂದು ಟ್ಯಾಬ್ ಇದ್ದರೆ ಒಬ್ಬರ ಕೈತಪ್ಪು ಎಲ್ಲರ ಕೆಲಸ ಕೆಡಿಸುವುದಿಲ್ಲ. ಏನಾದರೂ ಅಳಿಸಿಹೋದರೆ ಗಾಬರಿ ಬೇಡ. ವರ್ಷನ್ ಹಿಸ್ಟರಿಯಲ್ಲಿ ನಿನ್ನೆಯ ಹಾಳೆ ಹಾಗೇ ಇರುತ್ತದೆ, ರಿಸ್ಟೋರ್ ಒತ್ತಿದರೆ ಮರಳಿ ಬರುತ್ತದೆ. ತರಬೇತಿಯಲ್ಲಿ ಇದನ್ನು ಬೇಕೆಂದೇ ಅಳಿಸಿ ತೋರಿಸಿ. ಕೆಡಿಸಿಬಿಡುತ್ತೇನೆಂಬ ಭಯ ಹೋದ ಶಿಕ್ಷಕರು ಧೈರ್ಯವಾಗಿ ಬರೆಯುತ್ತಾರೆ.

ಖಾತೆ ಯಾರ ಹೆಸರಲ್ಲಿ?

ಇಂಥ ಯೋಜನೆಗಳು ನಿಲ್ಲಲು ದೊಡ್ಡ ಕಾರಣ ವರ್ಗಾವಣೆ. ಸಿಆರ್‌ಪಿ ತಮ್ಮ ಸ್ವಂತ ಜಿಮೇಲ್‌ನಲ್ಲಿ ಹಾಳೆ ತೆರೆದಿರುತ್ತಾರೆ, ಅವರು ಬೇರೆ ಕಡೆ ಹೋದಾಗ ಹಾಳೆಯ ಒಡೆತನವೂ ಅವರೊಂದಿಗೇ ಹೋಗುತ್ತದೆ. ಶಾಲೆಯ ಹೆಸರಿನಲ್ಲೇ ಖಾತೆ ಇದ್ದರೂ ಅದಕ್ಕೆ ಕೊಟ್ಟ ಫೋನ್ ನಂಬರ್ ಒಬ್ಬ ಶಿಕ್ಷಕರದ್ದಾಗಿದ್ದರೆ, ಹೊಸ ಕಂಪ್ಯೂಟರಿನಿಂದ ಒಳಹೋಗುವಾಗ ಒಟಿಪಿ ಆ ಫೋನಿಗೇ ಬೀಳುತ್ತದೆ.

ಹಾಗಾಗಿ ಖಾತೆಗಳು ಹುದ್ದೆಯ ಅಥವಾ ಶಾಲೆಯ ಹೆಸರಿನಲ್ಲಿರಲಿ. ಒಟಿಪಿ ನಂಬರು ಶಾಲೆಯಲ್ಲೇ ಉಳಿಯುವಂಥದ್ದಾಗಲಿ. ಪಾಸ್‌ವರ್ಡ್ ಬರೆದ ಮುಚ್ಚಿದ ಲಕೋಟೆಯನ್ನು ಮುಖ್ಯ ಶಿಕ್ಷಕರ ಚಾರ್ಜ್ ಪಟ್ಟಿಗೆ ಸೇರಿಸಿ. ಬೀರುವಿನ ಕೀಲಿ ಒಪ್ಪಿಸಿದಂತೆ ಇದನ್ನೂ ಸಹಿ ಮಾಡಿಸಿಕೊಂಡು ಒಪ್ಪಿಸಬೇಕು, ಒಪ್ಪಿಸಿಕೊಂಡವರು ಅಂದೇ ಪಾಸ್‌ವರ್ಡ್ ಬದಲಿಸಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದೆಂಬುದೂ ಗಮನದಲ್ಲಿರಲಿ.

ಮಕ್ಕಳಿಗೆ ಪ್ರತ್ಯೇಕ ಖಾತೆ ಬೇಡವೇ ಬೇಡ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬುದು ಅದರ ನಿಯಮ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಹೆಸರು, ಫೋಟೊ, ಊರು ಮೂರೂ ಒಂದೇ ಕಡೆ ವೆಬ್‌ನಲ್ಲಿ ಬಿದ್ದರೆ ಆಮೇಲೆ ಅದನ್ನು ಹಿಂದಕ್ಕೆ ಪಡೆಯಲಾಗದು. ಕಾವೇರಿ ತಂಡ, ಹೇಮಾವತಿ ತಂಡ, ಶಿಂಷಾ ತಂಡ ಎಂದು ಹೆಸರಿಡಿ. ಶಾಲೆಯ ಖಾತೆಯಿಂದ, ಶಿಕ್ಷಕರು ಪಕ್ಕದಲ್ಲಿದ್ದಾಗ ಮಕ್ಕಳು ಬರೆಯಲಿ. ‘ಲಿಂಕ್ ಇದ್ದ ಯಾರಾದರೂ ತಿದ್ದಬಹುದು’ ಎಂಬ ಆಯ್ಕೆಯನ್ನು ಎಂದೂ ಒತ್ತಬೇಡಿ. ಆ ಲಿಂಕ್ ಸಂಜೆಯೊಳಗೆ ಐದಾರು ಗುಂಪುಗಳಿಗೆ ಫಾರ್ವರ್ಡ್ ಆಗಿರುತ್ತದೆ. ಇಷ್ಟಾದರೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹಾಳೆಯನ್ನು ತೆರೆದು ತೋರಿಸಿ, ಕನ್ನಡದಲ್ಲೇ ಅರ್ಧ ಪುಟದ ಒಪ್ಪಿಗೆ ಪತ್ರ ಪಡೆಯಿರಿ.

ಕನ್ನಡ ಟೈಪಿಂಗ್

ಇಲ್ಲಿ ಒಂದು ಗಂಟು ಖಂಡಿತ ಎದುರಾಗುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಪಾಠಗಳನ್ನು ಕಾಪಿ ಮಾಡಿ ಹಾಳೆಗೆ ಅಂಟಿಸಿದರೆ ಕನ್ನಡ ಮಾಯವಾಗಿ, ‘ನ’ ಇರಬೇಕಾದ ಕಡೆ ಪೌಂಡ್ ಹಣದ ಗುರುತು, ಉಳಿದೆಡೆ ಚುಕ್ಕೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದು ಕಂಪ್ಯೂಟರಿನ ದೋಷವಲ್ಲ. ಆ ಬರಹ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ನಲ್ಲಿಲ್ಲ, ಅಷ್ಟೇ. ನುಡಿಯ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ ಅಂಟಿಸಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ನುಸುಳುವುದು ಅಲ್ಲೇ. ಹೊಸದಾಗಿ ಬರೆಯುವುದೆಲ್ಲ ಮೊದಲಿನಿಂದಲೇ ಯುನಿಕೋಡ್‌ನಲ್ಲಿರಲಿ.

ತರಬೇತಿ ಅರ್ಧ ದಿನದ್ದು ಎರಡು ಸಾಕು, ನಡುವೆ ಎರಡು ವಾರ ಬಿಡಿ. ಮೊದಲನೆಯದರಲ್ಲಿ ಪಿಪಿಟಿ ಇಲ್ಲ, ಉದ್ಘಾಟನೆ ಇಲ್ಲ. ಬಂದ 24 ಶಿಕ್ಷಕರೂ ಕೂತ ತಕ್ಷಣ ಒಂದೇ ಹಾಳೆಯಲ್ಲಿ ತಮ್ಮ ಶಾಲೆಯ ಸಾಲು ತುಂಬಲಿ, ಒಬ್ಬರ ಸಾಲಿಗೆ ಇನ್ನೊಬ್ಬರು ಕಾಮೆಂಟ್ ಬರೆಯಲಿ. ಎರಡನೆಯದು ಪೂರ್ತಿಯಾಗಿ ಅವರು ಹೊತ್ತು ತಂದ ತೊಡಕುಗಳಿಗೆ ಮೀಸಲು.

ಅಧಿಕಾರಿಯ ಕೆಲಸ

ಬಿಇಒ ಅವರು ವಾರಕ್ಕೆ 20 ನಿಮಿಷ ಹಾಳೆಯಲ್ಲಿ ಕೂರಬೇಕು. ಬರಿಯ ‘ಉತ್ತಮ’ ಎನ್ನುವುದು ಬೇಡ, ಮಕ್ಕಳಿಗೆ ಪ್ರಶ್ನೆ ಬರೆಯಬೇಕು: ‘ನಿಮ್ಮ ಪಕ್ಕದ ಊರಿಗೆ ನಾಲ್ಕು ದಿನ ಮೊದಲೇ ನೀರು ಬಂದಿದೆಯಲ್ಲ, ಏಕಿರಬಹುದು?’ ಇಂಥ ಒಂದು ಸಾಲು ಬಿದ್ದ ಮರುದಿನ ಮಕ್ಕಳು ಉಪನಾಲೆಯ ಹೂಳಿನ ಬಗ್ಗೆ ಮನೆಯಲ್ಲಿ ಕೇಳಿಕೊಂಡು ಬರುತ್ತಾರೆ. ಎಷ್ಟು ಸಾಲು ತುಂಬಿದ್ದೀರಿ ಎಂದು ಶಾಲೆಗಳ ರ‍್ಯಾಂಕ್ ಪಟ್ಟಿ ಮಾಡಿದರೆ ಮಾತ್ರ ಎಲ್ಲ ಕೆಡುತ್ತದೆ. ಪಟ್ಟಿಯಲ್ಲಿ ಹಿಂದೆ ಬೀಳಬಾರದೆಂದು ನೋಡದ ನೀರನ್ನೂ ಬರೆಯುವಂತಾಗುತ್ತದೆ. ಈ ಹಾಳೆಯ ಅಂಕಿಗಳನ್ನು ಯಾವ ಪ್ರಗತಿ ಪರಿಶೀಲನೆಗೂ ಬಳಸುವುದಿಲ್ಲವೆಂದು ಜುಲೈನಲ್ಲೇ ಲಿಖಿತವಾಗಿ ತಿಳಿಸಿ. ಇದಕ್ಕೆಂದು ಬೇರೆ ಸಭೆಯೂ ಬೇಡ, ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಎತ್ತಿಡಿ.

ಮೂರನೇ ವಾರದ ಹೊತ್ತಿಗೆ ಎರಡು ಮೂರು ಶಾಲೆಗಳು ಮೌನವಾಗುತ್ತವೆ. ಗುಂಪಿನಲ್ಲಿ ಹೆಸರು ಹಾಕಿ ಜ್ಞಾಪಿಸಬೇಡಿ. ಸಿಆರ್‌ಪಿ ಫೋನ್ ಮಾಡಿ ಕೇಳಲಿ. ಉತ್ತರ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ: ರೀಚಾರ್ಜ್ ಮುಗಿದಿದೆ, ಕೀಬೋರ್ಡ್ ಕೆಟ್ಟಿದೆ, ಪಾಸ್‌ವರ್ಡ್ ಮರೆತಿದೆ.

ದಸರಾ ರಜೆ ಮುಗಿದ ಮೇಲೆ ಹಾಳೆಯ ಅನುಮತಿಯನ್ನು ‘ನೋಡಲು ಮಾತ್ರ’ ಎಂದು ಬದಲಿಸಿ, ಒಂದು ಪ್ರತಿ ಇಳಿಸಿ ಬಿಆರ್‌ಸಿಯ ಕಂಪ್ಯೂಟರಿನಲ್ಲೂ ಪೆನ್‌ಡ್ರೈವಿನಲ್ಲೂ ಇಡಿ. ಪ್ರತಿ ತಂಡವೂ ತನ್ನೂರ ನೀರಿನ ಬಗ್ಗೆ ಒಂದು ವಿಕಿ ಪುಟ ಬರೆಯಲಿ, ಅದನ್ನು ಪಕ್ಕದ ಶಾಲೆಯ ತಂಡ ಓದಿ ತಿದ್ದಲಿ. ಹನ್ನೆರಡೂ ಶಾಲೆಗಳ ದಿನಾಂಕಗಳನ್ನು ನಾಲೆಯ ನಕ್ಷೆಯ ಮೇಲೆ ಬರೆದು ಎ3 ಕಾಗದದಲ್ಲಿ ಪ್ರಿಂಟ್ ತೆಗೆಸಿ, ಒಂದನ್ನು ಪ್ರತಿ ಶಾಲೆಯ ಗೋಡೆಗೆ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ.