ಕುಮಟಾದ ಅಕ್ಕಿ ಗಿರಣಿಯ ಚರಿತ್ರೆಯನ್ನು ನಾನು ಬರೆದ ಬಗೆ

ಕುಮಟಾದ ಹಳೆಯ ಅಕ್ಕಿ ಗಿರಣಿಯೊಂದರ ಚರಿತ್ರೆಯನ್ನು ಬರೆಯಲು ಹೊರಟಾಗ ನನಗೆ ದೊರೆತ ಮುಖ್ಯ ಆಧಾರವೆಂದರೆ ಮಾಲೀಕರ ಮನೆಯ ಅಟ್ಟದಲ್ಲಿ ಉಳಿದಿದ್ದ ಲೆಕ್ಕದ ಪುಸ್ತಕಗಳು. ಊರಿನವರು ಹೇಳುತ್ತಿದ್ದ ಇಸವಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲವಾದ್ದರಿಂದ, ಮೊದಲು ಪುಸ್ತಕಗಳ ಕಾಲವನ್ನು ಗೊತ್ತುಪಡಿಸಿ, ಅನಂತರವೇ ಹಿರಿಯರನ್ನು ಮಾತನಾಡಿಸುವುದೆಂದು ನಿಶ್ಚಯಿಸಿದೆ.

ದೀಪಾವಳಿಯ ಪಾಡ್ಯದಂದು ಪೂಜೆ ಮಾಡಿ ತೆರೆದ ಆ ಪುಸ್ತಕಗಳ ಮೊದಲ ಪುಟದಲ್ಲಿ ಸಂವತ್ಸರದ ಹೆಸರು ಮಾತ್ರ ಇತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ‘ಹೇವಿಳಂಬಿ’ ಎಂದರೆ 1897 ಆಗಬಹುದು, 1957 ಕೂಡ ಆಗಬಹುದು. ಡೀಸೆಲ್ ಖರೀದಿಯ ನಮೂದು ಮೊದಲನೆಯದನ್ನು ತಳ್ಳಿಹಾಕಿತು. ಹೆಸರಿಲ್ಲದ ಬಿಡಿ ಹಾಳೆಗಳಿಗೆ ನಾಣ್ಯ ಮತ್ತು ತೂಕ ನೆರವಾದವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರರ ಲೆಕ್ಕದ ನಯೇ ಪೈಸೆ ಚಲಾವಣೆಗೆ ಬಂದರೂ ವ್ಯಾಪಾರಿಗಳು ಕೆಲಕಾಲ ಆಣೆಯಲ್ಲಿಯೇ ಲೆಕ್ಕ ಬರೆದರು. ಮಣ, ಸೇರು ಹೋಗಿ ಕಿಲೋ ಕಡ್ಡಾಯವಾದದ್ದು 1962ರ ಹೊತ್ತಿಗೆ. ಹೀಗಾಗಿ ಆಣೆ ಮತ್ತು ಮಣ ಎರಡೂ ಇರುವ ಹಾಳೆ ಹಳೆಯದು, ಪೈಸೆ ಇದ್ದೂ ಮಣ ಉಳಿದಿರುವ ಹಾಳೆ ನಡುವಿನ ಕೆಲವೇ ವರ್ಷಗಳದ್ದು ಎಂದು ವಿಂಗಡಿಸಿದೆ.

ಯಂತ್ರ ಬದಲಾದ ಕಾಲವನ್ನು ತಿಳಿಯುವುದು ಇದಕ್ಕಿಂತ ಕಠಿಣವಾಗಿತ್ತು, ಏಕೆಂದರೆ ಖರೀದಿಯ ರಸೀದಿಗಳು ಉಳಿದಿರಲಿಲ್ಲ. ಇಲ್ಲಿ ಉಮಿ ಮತ್ತು ತೌಡಿನ ಲೆಕ್ಕವೇ ಸಾಕ್ಷಿಯಾಯಿತು. ಹಳೆಯ ಹಲ್ಲರ್ ಯಂತ್ರದಲ್ಲಿ ಭತ್ತದ ಸಿಪ್ಪೆ ಸುಲಿಯುವುದೂ ಅಕ್ಕಿಯನ್ನು ಬಿಳಿ ಮಾಡುವುದೂ ಒಂದೇ ಉರುಳೆಯಲ್ಲಿ ನಡೆಯುವುದರಿಂದ ಉಮಿಯೂ ತೌಡೂ ಬೆರೆತೇ ಹೊರಬೀಳುತ್ತವೆ. ರಬ್ಬರ್ ರೋಲರಿನ ಶೆಲ್ಲರ್ ಮೊದಲು ಸಿಪ್ಪೆಯನ್ನಷ್ಟೇ ಬಿಡಿಸುತ್ತದೆ. ಉಮಿ ಬೇರೆಯಾಗಿ ದೊರೆತು ಒಲೆಗೆ ಹೋಗುತ್ತದೆ, ತೌಡು ಶುದ್ಧವಾಗಿ ಮಾರಾಟಕ್ಕೆ ಸಿಗುತ್ತದೆ. ಪುಸ್ತಕದಲ್ಲಿ ತೌಡಿನ ಮಾರಾಟ ಪ್ರತ್ಯೇಕವಾಗಿ ಕಾಣಿಸಿಕೊಂಡು, ಅದೇ ಹಂಗಾಮಿನಲ್ಲಿ ಭತ್ತ ಬೇಯಿಸುವ ಸೌದೆಯ ಖರ್ಚು ಇಳಿದದ್ದನ್ನು ನೋಡಿ ಹೊಸ ಯಂತ್ರ ಬಂದ ವರ್ಷವನ್ನು ನಿರ್ಧರಿಸಿದೆ. ಹಲ್ಲರ್ ಅಷ್ಟು ದೀರ್ಘಕಾಲ ಬಾಳಿದ್ದಕ್ಕೂ ಕಾರಣವಿದೆ: ಬೇಯಿಸಿ ಒಣಗಿಸಿದ ಭತ್ತದ ಕಾಳು ಗಟ್ಟಿಯಾಗುವುದರಿಂದ, ಬೇಯಿಸದ ಭತ್ತದ ಬೆಳ್ತಿಗೆ ಅಕ್ಕಿ ನುಚ್ಚಾಗುವ ಯಂತ್ರದಲ್ಲಿಯೂ ಬೇಯಿಸಿದ ಭತ್ತದ ಕುಚ್ಚಿಗೆ ಅಕ್ಕಿ ಬಹುಪಾಲು ಇಡಿಯಾಗಿ ಉಳಿಯುತ್ತದೆ. ಕುಚ್ಚಿಗೆಯನ್ನೇ ಉಣ್ಣುವ ಕರಾವಳಿಗೆ ಅದು ಸಾಕಾಗಿತ್ತು.

ಇಷ್ಟು ಸಿದ್ಧವಾದ ಮೇಲೆ ಅಲ್ಲಿ ದುಡಿದ ಹಿರಿಯರನ್ನು ಕಂಡೆ. ಇಸವಿಯನ್ನು ಕೇಳಲಿಲ್ಲ, ಭತ್ತ ನೆನೆಸುವ ತೊಟ್ಟಿ ಎಲ್ಲಿತ್ತು, ಮಳೆಗಾಲದಲ್ಲಿ ಒಣಗಿಸಲು ಅಂಗಳವಿಲ್ಲದಾಗ ಏನು ಮಾಡುತ್ತಿದ್ದರು, ಯಾವ ಯಂತ್ರದ ಜಾಗಕ್ಕೆ ಯಾವುದು ಬಂತು ಎಂದು ಕೇಳಿದೆ. ಕೆಲಸದ ಕ್ರಮವನ್ನು ಅವರು ತಡವರಿಸದೆ ಹೇಳಿದರು, ಅದು ಪುಸ್ತಕದ ಲೆಕ್ಕಕ್ಕೆ ಸರಿಹೊಂದಿತು. ಊರ ಚರಿತ್ರೆ ಬರೆಯುವವರು ಕಾರ್ಮಿಕರ ಬಳಿಗೆ ಕೊನೆಯಲ್ಲಿ ಹೋಗುವುದು ವಾಡಿಕೆ. ನಾನೂ ಹಾಗೆಯೇ ಹೋದೆನಾದರೂ, ನನ್ನ ಮಟ್ಟಿಗೆ ಯಂತ್ರದ ವಿಷಯದಲ್ಲಿ ಅವರ ಮಾತಿಗೇ ಹೆಚ್ಚಿನ ತೂಕ.

ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಆವಕವನ್ನು ಗಿರಣಿಯವರು ಬೇರೆಯಾಗಿ ಬರೆದಿಟ್ಟಿದ್ದರು. ಸಿಗಡಿ ಸಾಕಣೆ ಹಬ್ಬಿದ ಮೇಲೆ ಆ ನಮೂದುಗಳು ವಿರಳವಾಗುತ್ತವೆ. ಅವನ್ನು ವರ್ಷವಾರು ಕ್ರಮದಲ್ಲಿ ಜೋಡಿಸಿ, ಗಿರಣಿಯ ಕಥೆಯೊಳಗೆ ಸೇರಿಸದೆ, ಪ್ರತ್ಯೇಕ ಅಧ್ಯಾಯವಾಗಿಯೇ ಕೊಟ್ಟಿದ್ದೇನೆ.