ಮಳೆನೀರು ನುಗ್ಗಿದಾಗ ಪಚ್ಚಿಲೆಯೊಳಗೆ ಏನಾಗುತ್ತದೆ: ನನ್ನ ಅನುಭವ

ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ನೇತ್ರಾವತಿಯ ಅಳಿವೆಯಲ್ಲಿ, ಮುಲ್ಕಿಯಲ್ಲಿ ನೀರಿನ ಉಪ್ಪು ಕುಸಿಯುತ್ತದೆ. ಬೇಸಿಗೆಯಲ್ಲಿ ಲೀಟರಿಗೆ 30 ಗ್ರಾಂ ದಾಟುವ ಉಪ್ಪು ಮಳೆ ಜೋರಾದಾಗ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಎನ್ನುವಷ್ಟು ಇಳಿಯುತ್ತದೆ. ಮೀನು ಈಜಿಕೊಂಡು ಕಡಲಿಗೆ ಹೋಗಬಹುದು. ಬಂಡೆಗೋ ಹಗ್ಗಕ್ಕೋ ಅಂಟಿಕೊಂಡ ಪಚ್ಚಿಲೆ ಎಂಬ ಎರಡು ಚಿಪ್ಪಿನ ಮೃದ್ವಂಗಿ ಎಲ್ಲಿಗೆ ಹೋಗಬೇಕು? ಆಗ ಅದರ ಜೀವಕೋಶಗಳಲ್ಲಿ ಯಾವ ಜೀನ್‌ಗಳು ಚುರುಕಾಗುತ್ತವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಒತ್ತಡ ಕೊಡು, ಒತ್ತಡದಲ್ಲಿ ಏರುವ ಎಚ್‌ಎಸ್‌ಪಿ70 ಎಂಬ ಪ್ರೋಟೀನಿನ ಜೀನ್ ಎಷ್ಟು ಏರಿತು ಅಂತ ಅಳೆ, ಬರೆ. ಹೊರಗಿನಿಂದ ನೋಡಿದರೆ ಇಷ್ಟೇ. ಆದರೆ ಪಚ್ಚಿಲೆಯ ಮೊದಲ ಉತ್ತರ ಜೀನ್‌ನಲ್ಲಿ ಇರುವುದಿಲ್ಲ, ಚಿಪ್ಪು ಮುಚ್ಚುವ ಸ್ನಾಯುವಿನಲ್ಲಿ ಇರುತ್ತದೆ. ಉಪ್ಪು ಇಳಿದದ್ದು ಗೊತ್ತಾದ ಕೂಡಲೇ ಬಾಗಿಲು ಬಂದ್. ತೊಟ್ಟಿಯ ನೀರಿನಲ್ಲಿ ಲೀಟರಿಗೆ 10 ಗ್ರಾಂ ಉಪ್ಪಿರಬಹುದು, ಚಿಪ್ಪಿನ ಒಳಗೆ ಇನ್ನೂ ಹಳೆಯ ಕಡಲನೀರೇ ಇರುತ್ತದೆ. ಹಾಗಾದರೆ ನಾವು ಅಳೆಯುತ್ತಿರುವುದು ಯಾವ ಒತ್ತಡವನ್ನು?

ಅದಕ್ಕೆ ನಾನು ಚಿಪ್ಪಿನ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿ, ಸೂಜಿ ಹೋಗುವಷ್ಟು ಸಂದಿ ಮಾಡಿಕೊಳ್ಳುತ್ತೇನೆ. ಸಿರಿಂಜಿನಲ್ಲಿ ಒಳಗಿನ ನೀರು ಎಳೆದು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ ಒಂದು ಹನಿ. ಇನ್ನೊಂದು ಗುಂಪಿನ ಚಿಪ್ಪುಗಳ ನಡುವೆ ಪುಟ್ಟ ಪ್ಲಾಸ್ಟಿಕ್ ಚೂರು ಸಿಕ್ಕಿಸಿ, ಮುಚ್ಚಲು ಆಗದಂತೆ ಇಡುತ್ತೇನೆ. ಈ ಎರಡು ಗುಂಪುಗಳನ್ನು ಹೋಲಿಸಿದ ಮೇಲೆಯೇ ನನ್ನ ಗ್ರಾಫುಗಳಿಗೆ ಅರ್ಥ ಬಂತು. ತೆರೆದೇ ಇದ್ದ ಗುಂಪಿಗೆ ಬಿದ್ದದ್ದು ಉಪ್ಪು ಇಳಿದ ಪೆಟ್ಟು. ಮುಚ್ಚಿಕೊಂಡ ಗುಂಪಿಗೆ ಬಿದ್ದದ್ದು ಬಹುಮಟ್ಟಿಗೆ ಆಮ್ಲಜನಕದ ಕೊರತೆ.

ಮುಚ್ಚಿದ ಚಿಪ್ಪಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಪಚ್ಚಿಲೆ ತನ್ನ ಖರ್ಚನ್ನು ತುಂಬಾ ಇಳಿಸಿ, ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಒಡೆದು, ಅದರಿಂದ ಹುಟ್ಟುವ ಸಕ್ಸಿನೇಟ್, ಅಲನೈನ್ ಕೂಡಿಸಿಕೊಳ್ಳುತ್ತಾ ಕಾಲ ತಳ್ಳುತ್ತದೆ. ಅಪಾಯ ಇರುವುದು ಮತ್ತೆ ತೆರೆದಾಗ. ಆಮ್ಲಜನಕ ಒಮ್ಮೆಲೇ ನುಗ್ಗುತ್ತದೆ, ಮೈಟೊಕಾಂಡ್ರಿಯಾದಲ್ಲಿ ಹಾನಿಕಾರಕ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಅವನ್ನು ತಡೆಯಲು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಬೇಕು. ಹಾಗಾಗಿ ಮುಚ್ಚಿದ್ದಾಗ ಒಂದು ಸಲ, ತೆರೆದ ಮೇಲೆ ಒಂದು ಸಲ ಮಾದರಿ ತೆಗೆಯಲೇಬೇಕು.

ತೆರೆದ ಗುಂಪಿನ ಕತೆ ಬೇರೆ. ಪಚ್ಚಿಲೆಗೆ ತನ್ನ ರಕ್ತದ ಉಪ್ಪನ್ನು ಮೀನಿನ ಹಾಗೆ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಹೊರಗೆ ಎಷ್ಟೋ ಒಳಗೂ ಹೆಚ್ಚುಕಮ್ಮಿ ಅಷ್ಟೇ. ಉಪ್ಪು ಇಳಿದರೆ ಕೋಶದೊಳಗೆ ನೀರು ನುಗ್ಗಿ ಅದು ಊದುತ್ತದೆ. ಆಗ ಕೋಶ ತನ್ನಲ್ಲಿ ಕೂಡಿಟ್ಟ ಟಾರಿನ್, ಗ್ಲೈಸಿನ್, ಬಿಟೇನ್‌ನಂಥ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತದೆ, ನೀರೂ ಅವುಗಳ ಹಿಂದೆ ಹೋಗುತ್ತದೆ. ಒಂದಷ್ಟು ಅಮೈನೋ ಆಮ್ಲಗಳು ಒಡೆದು ಅಮೋನಿಯಾ ಆಗುತ್ತವೆ. ದುಬಾರಿ ಯಂತ್ರ ಇಲ್ಲದವರು ಸುಮ್ನೆ ತೊಟ್ಟಿಯ ಅಮೋನಿಯಾ ಅಳೆದರೂ ಅರ್ಧ ಕತೆ ಗೊತ್ತಾಗುತ್ತದೆ.

ಇನ್ನು ಎಚ್‌ಎಸ್‌ಪಿ70. ಬಿಸಿಗೋ ವಿಷಕ್ಕೋ ಮಡಿಕೆ ಕೆಟ್ಟ ಪ್ರೋಟೀನುಗಳನ್ನು ಸರಿಪಡಿಸುವ ಪ್ರೋಟೀನ್ ಇದು. ತೀರಾ ಕೆಟ್ಟವಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಗುರುತು ಬಿದ್ದು ಅವು ವಿಲೇವಾರಿಯಾಗುತ್ತವೆ. ಅಮೆರಿಕದ ಪೆಸಿಫಿಕ್ ಕರಾವಳಿಯ ಮಸೆಲ್‌ಗಳಲ್ಲಿ (ಪಚ್ಚಿಲೆಯ ಬಳಗದವು) ಎಚ್‌ಎಸ್‌ಪಿ70, ಯುಬಿಕ್ವಿಟಿನ್ ಗುರುತು ಬಿದ್ದ ಪ್ರೋಟೀನು ಎರಡೂ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಜಾಸ್ತಿ ಇರುತ್ತವೆ ಎಂದು ಗ್ರೆಚೆನ್ ಹಾಫ್‌ಮನ್ ಮತ್ತು ಜಾರ್ಜ್ ಸೊಮೆರೊ 1995ರಲ್ಲೇ ತೋರಿಸಿದ್ದರು. ಅಂದರೆ ಯಾರೂ ಮುಟ್ಟದ ಪ್ರಾಣಿಯಲ್ಲೂ ಇದರ ಮಟ್ಟ ಋತುವಿನ ಜೊತೆ ಬದಲಾಗುತ್ತದೆ, ಅಲ್ವಾ? ಮಾರ್ಚ್‌ನಲ್ಲಿ ತಂದ ಪಚ್ಚಿಲೆಯನ್ನು ಡಿಸೆಂಬರಿನದರ ಪಕ್ಕದಲ್ಲಿಟ್ಟು ಹೋಲಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ತಲೆನೋವು ಪ್ರೈಮರ್, ಅಂದರೆ ಬೇಕಾದ ಜೀನನ್ನು ಹುಡುಕಿ ಎತ್ತುವ ಪುಟ್ಟ ಡಿಎನ್‌ಎ ತುಂಡು. ಪೆಸಿಫಿಕ್ ಸಿಂಪಿಯ ಜಿನೋಮ್ 2012ರಲ್ಲಿ ಪ್ರಕಟವಾದಾಗ ಅದರಲ್ಲಿ 88 ಎಚ್‌ಎಸ್‌ಪಿ70 ಜೀನ್‌ಗಳು ಸಿಕ್ಕವು. ಮನುಷ್ಯನಲ್ಲಿ ಇಪ್ಪತ್ತೂ ಇಲ್ಲ. ಎಚ್‌ಎಸ್‌ಪಿ70 ಏರಿತು ಎಂದು ಯಾರಾದರೂ ಹೇಳಿದರೆ ಯಾವುದಪ್ಪಾ ಅಂತ ಕೇಳಬೇಕಾಗುತ್ತದೆ. ಕೆಲವು ಸದಾ ಕೆಲಸ ಮಾಡುತ್ತಿರುತ್ತವೆ, ಕೆಲವು ಪೆಟ್ಟು ಬಿದ್ದಾಗ ಮಾತ್ರ ಏಳುತ್ತವೆ. ಹಾಗಾಗಿ ಪ್ರೈಮರ್ ಎತ್ತಿಕೊಟ್ಟ ತುಂಡನ್ನು ಸೀಕ್ವೆನ್ಸ್ ಮಾಡಿಸದೆ ನಾನು ಮುಂದೆ ಹೋಗುವುದಿಲ್ಲ. ಬದಲಾಗದ ಅಳತೆಗೋಲು ಎಂದು ಹೋಲಿಕೆಗೆ ಬಳಸುವ ಆ್ಯಕ್ಟಿನ್ ಜೀನ್ ಒಂದನ್ನೇ ನಂಬುವುದೂ ಇಲ್ಲ. ಒತ್ತಡದಲ್ಲಿ ಅದೂ ಅಲುಗಾಡುತ್ತದೆ.

ಪ್ರಾಣಿಗಳನ್ನು ತಂದ ಮೇಲೆ ವಾರಕ್ಕೂ ಜಾಸ್ತಿ ಸುಮ್ಮನೆ ಬಿಡುತ್ತೇನೆ, ಪಾಚಿ ತಿನ್ನಿಸುತ್ತೇನೆ. ಹೊಸ ನಾರು ಬಿಟ್ಟು ತೊಟ್ಟಿಗೆ ಅಂಟಿಕೊಂಡರೆ ಅವು ಒಗ್ಗಿಕೊಂಡಿವೆ ಎಂದರ್ಥ. ಬಲಿತ ಪಚ್ಚಿಲೆಯಾದರೆ ಸ್ವಲ್ಪ ಬಿಸಿ ತಗುಲಿದರೂ ಮೊಟ್ಟೆ, ವೀರ್ಯ ಬಿಟ್ಟು ಇಡೀ ತೊಟ್ಟಿ ಮಬ್ಬು ಮಾಡಿಬಿಡುತ್ತದೆ. ಆ ಬ್ಯಾಚ್ ಅಲ್ಲಿಗೆ ಮುಗಿಯಿತು.

ಜೀನ್‌ಗಳ ಚುರುಕು ಅಳೆಯಲು ತೆಗೆದ ಆರ್‌ಎನ್‌ಎ ಚೆನ್ನಾಗಿದೆಯೇ ಎಂದು ಜೆಲ್‌ನಲ್ಲಿ ಓಡಿಸಿ ನೋಡುತ್ತೇವೆ. ಹೊಸಬರು ಗಾಬರಿಯಾಗುವುದು ಆಗಲೇ. ಇಲಿಯಲ್ಲೋ ಮೀನಿನಲ್ಲೋ 28ಎಸ್, 18ಎಸ್ ಎಂಬ ಎರಡು ರೈಬೋಸೋಮ್ ಆರ್‌ಎನ್‌ಎಗಳ ಎರಡು ಪಟ್ಟಿ ಕಾಣುತ್ತವೆ. ಇಲ್ಲಿ ಒಂದೇ. ಆರ್‌ಎನ್‌ಎ ಹಾಳಾಗಿಲ್ಲ. ಅನೇಕ ಮೃದ್ವಂಗಿಗಳ 28ಎಸ್‌ನ ನಡುವೆ ಒಂದು ಗುಪ್ತ ಬಿರುಕು ಇದೆ. ಬಿಸಿ ಮಾಡಿದರೆ ಅದು ಎರಡಾಗಿ, 18ಎಸ್ ಇರುವ ಜಾಗಕ್ಕೇ ಓಡಿ ಬರುತ್ತದೆ. ಯಂತ್ರ ಕೊಡುವ ಗುಣಮಟ್ಟದ ಅಂಕ ಇಲ್ಲಿ ಕೆಲಸಕ್ಕೆ ಬಾರದು. ನಾನು ಒಂದೇ ಪಟ್ಟಿ ಚೂಪಾಗಿದೆಯಾ, ಕೆಳಗೆ ಮಸುಕು ಇಳಿದಿದೆಯಾ ಅಂತ ಮಾತ್ರ ನೋಡುತ್ತೇನೆ.

ಕಿವಿರಿನ ಒಂದು ಪಾಲನ್ನು ಯಾವಾಗಲೂ ಪ್ರೋಟೀನಿಗೆ ಎತ್ತಿಡುತ್ತೇನೆ. ಸಂದೇಶವಾಹಕ ಆರ್‌ಎನ್‌ಎ ಏರಿದ ಮಾತ್ರಕ್ಕೆ ಪ್ರೋಟೀನೂ ಅದೇ ಹೊತ್ತಿಗೆ ಏರಬೇಕೆಂದಿಲ್ಲ. ಕಷ್ಟ ಎಂದರೆ ಪ್ರೋಟೀನನ್ನು ಗುರುತು ಹಿಡಿಯಲು ಮಾರುಕಟ್ಟೆಯಲ್ಲಿ ಸಿಗುವ ಆ್ಯಂಟಿಬಾಡಿಗಳು ಹೆಚ್ಚಾಗಿ ಮನುಷ್ಯ, ಇಲಿಗೆಂದು ಮಾಡಿದವು. ಪಚ್ಚಿಲೆಯ ಪ್ರೋಟೀನನ್ನು ಅವು ಹಿಡಿಯುತ್ತವೆಯೇ ಎಂದು ಮೊದಲು ಬಿಸಿನೀರಿನಲ್ಲಿಟ್ಟ ಪಚ್ಚಿಲೆಯ ಕಿವಿರಿನ ಮೇಲೆ ಪರೀಕ್ಷಿಸಿ, ಆಮೇಲಷ್ಟೇ ಮಳೆನೀರಿನ ಮಾದರಿಗೆ ಕೈಹಾಕುತ್ತೇನೆ.